ಅಕ್ಟೋಬರ್ 14ರ ವಿಮಾನ: ಸದಾಶಿವಗಡದಿಂದ ದುಬೈಗೆ ಹೋದವರ ಮೊದಲ ವರ್ಷದ ಟ್ಯಾಕ್ಸ್ ಲೆಕ್ಕ

ಗಲ್ಫ್ ಸಂಬಳಕ್ಕೆ ಟ್ಯಾಕ್ಸ್ ಇಲ್ಲ. ಕಾರವಾರದಿಂದ ಭಟ್ಕಳದವರೆಗೆ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಮಾತು ಸುಳ್ಳೇನಲ್ಲ. ದುಬೈಯಲ್ಲಿ ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ. ಅಲ್ಲೇ ವರ್ಷಗಟ್ಟಲೆ ಇದ್ದು, ರಜೆಗೆ ಮಾತ್ರ ಊರಿಗೆ ಬರುವವರಿಗೆ ಇಲ್ಲಿಯೂ ಆ ಸಂಬಳದ ಮೇಲೆ ತೆರಿಗೆ ಬೀಳುವುದಿಲ್ಲ. ಆದರೆ ಹೋದ ಮೊದಲ ವರ್ಷಕ್ಕೆ ಈ ಮಾತು ಅನ್ವಯಿಸುತ್ತದೋ ಇಲ್ಲವೋ ಎನ್ನುವುದು ವಿಮಾನ ಹತ್ತಿದ ತಾರೀಖಿನ ಮೇಲೆ ನಿಂತಿದೆ. ಎಷ್ಟು ದುಡಿದರು, ಎಷ್ಟು ಊರಿಗೆ ಕಳಿಸಿದರು, ಯಾವ ಖಾತೆಗೆ ಹಾಕಿದರು ಎನ್ನುವುದೆಲ್ಲ ಆಮೇಲಿನ ಪ್ರಶ್ನೆ.

ನಾನು ಕಾರವಾರದಲ್ಲಿ ರಿಟರ್ನ್ ತುಂಬಿಸುವ ಕೆಲಸ ಮಾಡುವವನು. ಇಲ್ಲಿ ಬರೆಯುತ್ತಿರುವುದು ಒಬ್ಬರೇ ಗಿರಾಕಿಯ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ, ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದು, ಓದುವವರಿಗೆ ಲೆಕ್ಕವೂ ಸುಲಭವಾಗಬೇಕು ಎಂದು ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಲೆಕ್ಕದ ದಾರಿ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ.

ಏನಾಗಿತ್ತು

ಇವರು ಕಾರವಾರದಿಂದ ಕಾಳಿ ನದಿ ದಾಟಿದರೆ ಸಿಗುವ ಸದಾಶಿವಗಡದವರು. ವಯಸ್ಸು ಮೂವತ್ತರ ಮೇಲೆ. ಇಲ್ಲಿಯೇ ಒಬ್ಬ ಕಾಂಟ್ರಾಕ್ಟರ ಬಳಿ ಸೇಫ್ಟಿ ಸೂಪರ್‌ವೈಸರ್ ಆಗಿದ್ದರು. ಸಂಬಳ ತಿಂಗಳಿಗೆ 60 ಸಾವಿರದ ಆಸುಪಾಸು. ಶಿರೂರಿನ ಗುಡ್ಡ ಕುಸಿದ ವರ್ಷ, ಅಂದರೆ 2024ರ ಮಳೆಗಾಲದಲ್ಲಿ, ದುಬೈಯ ಒಂದು ಕಂಪನಿಯಿಂದ ಆಫರ್ ಬಂತು. ಎಲ್ಲ ಸೇರಿ ತಿಂಗಳಿಗೆ 8,000 ದಿರಹಂ. ಸೆಪ್ಟೆಂಬರ್ ಹೊತ್ತಿಗೆ ಎಂಪ್ಲಾಯ್‌ಮೆಂಟ್ ವೀಸಾ ಕೈಸೇರಿತು. ಇಲ್ಲಿಯ ಕೆಲಸ ಸೆಪ್ಟೆಂಬರ್ 20ಕ್ಕೆ ಬಿಟ್ಟರು. ಉಳಿದ ರಜೆಯ ದುಡ್ಡು ಸೇರಿ ಏಪ್ರಿಲ್‌ನಿಂದ ಆವರೆಗೆ ಇಲ್ಲಿ ಬಂದದ್ದು 3,60,000 ರೂಪಾಯಿ.

ಕಂಪನಿ ಮೊದಲು ಕಳಿಸಿದ್ದ ಟಿಕೆಟ್ ಸೆಪ್ಟೆಂಬರ್ 25ರದ್ದು. ಆ ವಾರವೇ ಆಯಿಯ ಕಣ್ಣಿನ ಪೊರೆ ಆಪರೇಷನ್ ಗೊತ್ತಾಗಿತ್ತು. ಒಬ್ಬನೇ ಮಗ. ಕಂಪನಿಗೆ ಫೋನ್ ಮಾಡಿ ಕೇಳಿದರೆ ಅವರು ಸಲೀಸಾಗಿ ಒಪ್ಪಿದರು, ಅಕ್ಟೋಬರ್ ಮಧ್ಯದೊಳಗೆ ಬಂದರೆ ಸಾಕು ಎಂದರು. ಹೇಗೂ ಇದ್ದೇನಲ್ಲ ಎಂದು ದಸರಾ ಕೂಡ ಮನೆಯಲ್ಲೇ ಮುಗಿಸಿ, ಅಕ್ಟೋಬರ್ 14ರಂದು ಗೋವಾದಿಂದ ವಿಮಾನ ಹತ್ತಿದರು. ಟಿಕೆಟ್ ಬದಲಿಸಿದ್ದಕ್ಕೆ ಕಂಪನಿ ಒಂದು ರೂಪಾಯಿಯನ್ನೂ ಹಿಡಿಯಲಿಲ್ಲ.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಅವರ ಹೆಂಡತಿ ನನ್ನ ಆಫೀಸಿಗೆ ಬಂದರು. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ಆ ದಡದವರು ಸುಮ್ನೆ ಕಾರವಾರದ ಪೇಟೆಗೆ ಬರುವುದು ಕಡಿಮೆಯೇ. ಇವರು ಬಂದದ್ದು ಮನೆ ಸಾಲದ ಸಲುವಾಗಿ. ಕಟ್ಟುತ್ತಿರುವ ಮನೆಗೆ ಸಾಲ ಕೊಡಲು ಬ್ಯಾಂಕಿನವರು ಗಂಡನ ಎರಡು ವರ್ಷದ ಐಟಿಆರ್ (ಆದಾಯ ತೆರಿಗೆ ರಿಟರ್ನ್) ಕೇಳಿದ್ದರು. ಹಿಂದಿನ ವರ್ಷದ್ದು ಇತ್ತು. 2024-25ರದ್ದು ತುಂಬಿರಲಿಲ್ಲ.

"ಇಲ್ಲಿಯ ಆರು ತಿಂಗಳ ಸಂಬಳ ಮಾತ್ರ ಸರ್, ಎಫ್‌ಡಿ ಬಡ್ಡಿ ಸ್ವಲ್ಪ ಇದೆ. ಬೇಗ ಆಗತ್ತೆ ಅಲ್ವಾ?" ಎಂದರು. ತಂದ ಫೈಲಿನಲ್ಲಿ ಹಳೆ ಕೆಲಸದ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಆಧಾರ್ ಇದ್ದವು. ದುಬೈಯದ್ದು ಏನೂ ಇರಲಿಲ್ಲ. ಬೇಕಾಗುತ್ತದೆ ಎಂದು ಅವರಿಗೆ ಹೊಳೆಯಲೂ ಕಾರಣವಿರಲಿಲ್ಲ.

ನಾನು ಮೊದಲು ಕೇಳಿದ್ದು ಪಾಸ್‌ಪೋರ್ಟಿನ ಫೋಟೋ.

ದಿನದ ಲೆಕ್ಕ

ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಇಮಿಗ್ರೇಷನ್ ಮುದ್ರೆ ಅರ್ಧ ಮಸುಕಾಗಿತ್ತು. 14 ಸರಿಯಾಗಿ ಕಾಣುತ್ತಿತ್ತು, ತಿಂಗಳು ಓದಲಾಗಲಿಲ್ಲ. ಟಿಕೆಟಿನ ಪಿಡಿಎಫ್ ಕೂಡ ತರಿಸಿಕೊಂಡೆ. ಎರಡೂ ತಾಳೆಯಾದವು.

ಆದಾಯ ತೆರಿಗೆಗೆ ನಮ್ಮಲ್ಲಿ ವರ್ಷ ಎಂದರೆ ಏಪ್ರಿಲ್ 1ರಿಂದ ಮಾರ್ಚ್ 31. ಆ ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೀವು ನಿವಾಸಿ. ಇದಲ್ಲದೆ 60 ದಿನದ ಇನ್ನೊಂದು ಪರೀಕ್ಷೆಯೂ ಇದೆ. ಈ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇಲ್ಲಿದ್ದವರನ್ನೂ ನಿವಾಸಿ ಎಂದೇ ಹಿಡಿಯುತ್ತಾರೆ. ಆದರೆ ಕೆಲಸಕ್ಕೆಂದು ದೇಶ ಬಿಟ್ಟು ಹೋಗುವ ಭಾರತೀಯ ನಾಗರಿಕರಿಗೆ ಹೋದ ವರ್ಷ ಆ 60ರ ಜಾಗದಲ್ಲಿ 182 ಎಂದೇ ಓದಬೇಕು. ಈ ರಿಯಾಯಿತಿ ಇಲ್ಲದಿದ್ದರೆ ಜೂನ್‌ನಲ್ಲಿ ಹೋದವರೂ ಸಿಕ್ಕಿಬೀಳುತ್ತಿದ್ದರು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸ ಹುಡುಕುವವರಿದ್ದಾರಲ್ಲ, ಅವರು ಈ ಜಾಗದಲ್ಲಿ ಹುಷಾರಾಗಿರಬೇಕು. 'ಕೆಲಸಕ್ಕಾಗಿ ಹೋದದ್ದು' ಎಂದು ತೋರಿಸುವ ಭಾರ ಅವರ ಮೇಲೆಯೇ ಬರುತ್ತದೆ. ನಮ್ಮವರಿಗೆ ಆ ಚಿಂತೆ ಇರಲಿಲ್ಲ, ಕೈಯಲ್ಲಿ ಎಂಪ್ಲಾಯ್‌ಮೆಂಟ್ ವೀಸಾ ಇತ್ತು.

ಈಗ ಎಣಿಸಿ ನೋಡಿ. ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31. ಒಟ್ಟು 153. ಅದಕ್ಕೆ ಸೆಪ್ಟೆಂಬರಿನ 29 ಸೇರಿಸಿದರೆ 182. ಅಂದರೆ ಏಪ್ರಿಲ್‌ನಿಂದ ಇಲ್ಲೇ ಇದ್ದವರು ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿ, ಮಾರ್ಚ್‌ವರೆಗೆ ತಿರುಗಿ ಬರದಿದ್ದರೆ ಅನಿವಾಸಿ. 29ಕ್ಕೆ ಹತ್ತಿದರೆ, ಹೋದ ದಿನವನ್ನೂ ಹಿಡಿದು, ನಿವಾಸಿ. ನಮ್ಮ ಗಿರಾಕಿ ಅಕ್ಟೋಬರ್ 14ರವರೆಗೆ ಇದ್ದರು. ಇಲ್ಲಿ 197 ದಿನ, ಹೊರಗೆ 168 ದಿನ.

ಹದಿನಾರು ದಿನ ಹೆಚ್ಚಾಗಿತ್ತು. ಮೊದಲಿನ ಟಿಕೆಟಿನಲ್ಲೇ ಹೋಗಿದ್ದರೆ 178 ದಿನಕ್ಕೆ ಮುಗಿಯುತ್ತಿತ್ತು.

ನಿವಾಸಿ ಎಂದಾದ ಮೇಲೂ ಒಂದು ಮೆಟ್ಟಿಲಿದೆ. ನಿವಾಸಿಗಳಲ್ಲಿಯೇ 'ಸಾಮಾನ್ಯ ನಿವಾಸಿಯಲ್ಲದವರು' ಎಂಬ ಒಂದು ಗುಂಪಿದೆ. ಅವರಿಗೆ ಹೊರದೇಶದ ಸಂಬಳದ ಮೇಲೆ ಇಲ್ಲಿ ತೆರಿಗೆ ಇಲ್ಲ. ಆದರೆ ಆ ಗುಂಪಿಗೆ ಸೇರಲು ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿರಬೇಕು, ಇಲ್ಲವೇ ಹಿಂದಿನ 7 ವರ್ಷದಲ್ಲಿ ಇಲ್ಲಿದ್ದದ್ದು 729 ದಿನ ಮೀರಿರಬಾರದು. ಅದು ಬಹಳ ವರ್ಷ ಹೊರಗಿದ್ದು ವಾಪಸ್ ಬಂದವರಿಗೆ ಸಿಗುವ ಸೌಲಭ್ಯ. ಹುಟ್ಟಿದಾಗಿನಿಂದ ಸದಾಶಿವಗಡ ಬಿಡದವರಿಗೆ ಸಿಗುವುದಿಲ್ಲ. ಹಾಗಾಗಿ ಇವರು ಪೂರ್ತಿ ನಿವಾಸಿ. ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಆ ವರ್ಷದ ಆದಾಯ ಭಾರತದ ರಿಟರ್ನಿಗೆ ಬರಬೇಕು.

ಎಲ್ಲರೂ ಹೇಳಿದ್ದು ಸರಿಯೇ ಆಗಿತ್ತು

ಈ ಪ್ರಕರಣದಲ್ಲಿ ನನಗೆ ಬಹಳ ವಿಚಿತ್ರವಾಗಿ ಕಂಡದ್ದು ಇದು. ಇವರಿಗೆ ಯಾರೂ ಸುಳ್ಳು ಹೇಳಿರಲಿಲ್ಲ.

ಬ್ಯಾಂಕಿನವರು ನೀವು ಈಗ ಎನ್‌ಆರ್‌ಐ ಎಂದಿದ್ದರು. ಬ್ಯಾಂಕು ನೋಡುವುದು ಫೆಮಾ, ಅಂದರೆ ವಿದೇಶಿ ವಿನಿಮಯದ ಕಾಯ್ದೆ. ಅದರ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟ ದಿನದಿಂದಲೇ ನೀವು ಹೊರಗಿನವರು. ಅಕ್ಟೋಬರ್ 14ರಂದು ಸದಾಶಿವಗಡದ ಈ ಮನುಷ್ಯ ಬ್ಯಾಂಕಿಗೆ ಅನಿವಾಸಿಯಾದರು, ತೆರಿಗೆ ಇಲಾಖೆಗೆ ಮಾರ್ಚ್ 31ರವರೆಗೂ ನಿವಾಸಿಯಾಗಿಯೇ ಉಳಿದರು. ಎರಡು ಕಾಯ್ದೆ, ಎರಡು ಲೆಕ್ಕ. ಇದರಿಂದ ಒಂದು ಸಣ್ಣ ಲಾಭವೂ ಆಯಿತು. ಎನ್‌ಆರ್‌ಇ ಖಾತೆಯ (ಅನಿವಾಸಿಗಳು ಹೊರದೇಶದ ದುಡಿಮೆ ಇಡುವ ಖಾತೆ) ಬಡ್ಡಿಗೆ ತೆರಿಗೆ ವಿನಾಯಿತಿ ಕೊಡುವಾಗ ಆದಾಯ ತೆರಿಗೆ ಕಾಯ್ದೆ ಫೆಮಾದ ವ್ಯಾಖ್ಯೆಯನ್ನೇ ಹಿಡಿಯುತ್ತದೆ. ಹಾಗಾಗಿ ಅವರು ಡಿಸೆಂಬರಿನಲ್ಲಿ ತೆರೆದ ಎನ್‌ಆರ್‌ಇ ಖಾತೆಯ ಬಡ್ಡಿಗೆ, ಆ ವರ್ಷ ಅವರು ನಿವಾಸಿಯಾಗಿದ್ದರೂ, ತೆರಿಗೆ ಬರಲಿಲ್ಲ. ಬಡ್ಡಿ ಇದ್ದದ್ದು ಕೆಲವು ನೂರು ರೂಪಾಯಿ, ಬಿಡಿ.

ಪಕ್ಕದ ಮನೆಯವರು ಹಡಗಿನಲ್ಲಿ ಕೆಲಸ ಮಾಡುವವರು. "ನಮ್ಮ ಸಂಬಳ ಎನ್‌ಆರ್‌ಇಗೇ ಬರೋದು, ಒಂದು ಪೈಸೆ ಟ್ಯಾಕ್ಸ್ ಇಲ್ಲ" ಎಂದಿದ್ದರು. ಅವರ ಮಟ್ಟಿಗೆ ಅದು ನಿಜ. ಹೊರದೇಶಕ್ಕೆ ಹೋಗುವ ಹಡಗಿನಲ್ಲಿ ದುಡಿಯುವ ಅನಿವಾಸಿ ನಾವಿಕರ ಸಂಬಳ ಇಲ್ಲಿಯ ಎನ್‌ಆರ್‌ಇ ಖಾತೆಗೆ ಜಮಾ ಆಯಿತು ಎಂಬ ಒಂದೇ ಕಾರಣಕ್ಕೆ ತೆರಿಗೆ ಹಾಕಬಾರದು ಎಂದು 2017ರಲ್ಲಿ ಸುತ್ತೋಲೆಯೇ ಬಂದಿದೆ. ಆದರೆ ಅಲ್ಲಿ 'ಅನಿವಾಸಿ' ಎನ್ನುವುದೇ ಮುಖ್ಯ. ಹಡಗಿನವರು ವರ್ಷಕ್ಕೆ 184 ದಿನ ಹೊರಗೆ ಆಗಬೇಕು ಎಂದು ಸಿಡಿಸಿ ಪುಸ್ತಕ (ನಾವಿಕರ ಸೇವೆಯ ದಾಖಲೆ) ಹಿಡಿದು ಎಣಿಸುತ್ತಾರೆ. ಅದೂ ಇದೇ 182ರ ಲೆಕ್ಕ, ಇನ್ನೊಂದು ತುದಿಯಿಂದ ಎಣಿಸಿದ್ದು. ನಮ್ಮವರು ಹೊರಗಿದ್ದದ್ದು 168 ದಿನ. ಪಕ್ಕದ ಮನೆಯವರು 184ರ ಮಾತನ್ನು ಹೇಳಲಿಲ್ಲ, ಅವರಿಗೆ ಅದು ಅಷ್ಟು ರೂಢಿ.

ಭಾವ ಒಬ್ಬರು 12 ಲಕ್ಷದವರೆಗೆ ಟ್ಯಾಕ್ಸೇ ಇಲ್ಲವಲ್ಲ ಎಂದಿದ್ದರು. ಅದೂ ಸರಿ, ಆದರೆ 2025-26ರಿಂದ. ಫೆಬ್ರವರಿಯ ಬಜೆಟಿನಲ್ಲಿ ಹೇಳಿದ್ದು ಆಗಲೇ ಮುಗಿಯುತ್ತಾ ಬಂದಿದ್ದ ವರ್ಷಕ್ಕೆ ಸಿಗುವುದಿಲ್ಲ. ಮತ್ತೆ, ಆ ರಿಬೇಟು ಅನಿವಾಸಿಗಳಿಗೆ ಯಾವ ವರ್ಷವೂ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ.

ಎಷ್ಟು ಬಂತು

ಸ್ಪೀಕರ್ ಹಾಕಿ ದುಬೈಗೆ ಫೋನ್ ಮಾಡಿದೆವು. ಅವರು ಸಂಬಳದ ಸ್ಲಿಪ್‌ಗಳನ್ನು ಕಳಿಸಿದರು. ಅಕ್ಟೋಬರಿನ ಅರ್ಧ ತಿಂಗಳು, ಆಮೇಲೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಐದು ತಿಂಗಳು. ಮಾರ್ಚ್ ಸಂಬಳ ಕೈಗೆ ಬಂದದ್ದು ಏಪ್ರಿಲ್‌ನಲ್ಲಿ, ಆದರೂ ಹಿಡಿಯಬೇಕು. ಸಂಬಳ ಸಲ್ಲಬೇಕಾದ ದಿನವೇ ಲೆಕ್ಕ, ಕೈಗೆ ಬಂದ ದಿನವಲ್ಲ.

ದಿರಹಂ ಅನ್ನು ರೂಪಾಯಿ ಮಾಡಲು ಗೂಗಲ್ ದರ ನಡೆಯುವುದಿಲ್ಲ. ಯಾವ ತಿಂಗಳ ಸಂಬಳವೋ ಅದರ ಹಿಂದಿನ ತಿಂಗಳ ಕೊನೆಯ ದಿನ ಸ್ಟೇಟ್ ಬ್ಯಾಂಕು ವಿದೇಶಿ ಹಣ ಕೊಳ್ಳುವ ದರ (ಟಿಟಿ ಖರೀದಿ ದರ) ಎಷ್ಟಿತ್ತೋ ಅದನ್ನು ಹಿಡಿಯಬೇಕು. ಒಂದೊಂದು ತಿಂಗಳಿಗೆ ಒಂದೊಂದು ದರ. ಇಲ್ಲಿ ಸರಳವಾಗಲಿ ಎಂದು ಎಲ್ಲಕ್ಕೂ 23 ರೂಪಾಯಿ ಹಿಡಿಯುತ್ತೇನೆ. 8,000 ದಿರಹಂ ಅಂದರೆ 1,84,000 ರೂಪಾಯಿ. ಐದೂವರೆ ತಿಂಗಳಿಗೆ 10,12,000.

ಇದಕ್ಕೆ ಇಲ್ಲಿಯ 3,60,000 ಮತ್ತು ಎಫ್‌ಡಿ ಬಡ್ಡಿ 28,000 ಸೇರಿಸಿದರೆ ಸರಿಯಾಗಿ 14 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 13,25,000. ಆ ವರ್ಷದ ಸ್ಲ್ಯಾಬಿನಲ್ಲಿ 3ರಿಂದ 7 ಲಕ್ಷಕ್ಕೆ ಶೇ. 5, ಅಲ್ಲಿ 20,000. 10 ಲಕ್ಷದವರೆಗೆ ಶೇ. 10, ಅಲ್ಲಿ 30,000. 12 ಲಕ್ಷದವರೆಗೆ ಶೇ. 15, ಇನ್ನೊಂದು 30,000. ಉಳಿದ 1,25,000ಕ್ಕೆ ಶೇ. 20, ಅಂದರೆ 25,000. ಒಟ್ಟು 1,05,000. ಶೇ. 4 ಸೆಸ್ ಸೇರಿ 1,09,200.

ಹಳೆ ಪದ್ಧತಿಯನ್ನೂ ಹಾಕಿ ನೋಡಿದೆ. ಎಲ್‌ಐಸಿ, ಪಿಎಫ್ ಎಂದು ಒಂದೂವರೆ ಲಕ್ಷ ಪೂರ್ತಿ ತೋರಿಸಿದರೂ ಸೆಸ್ ಸೇರಿ 1,79,400 ಬರುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಇದೇ ಮನುಷ್ಯ ಸೆಪ್ಟೆಂಬರ್ 25ಕ್ಕೆ ಹೋಗಿದ್ದರೆ? ದುಬೈ ಸಂಬಳ ಲೆಕ್ಕಕ್ಕೇ ಇಲ್ಲ. 3,88,000ದಲ್ಲಿ 75,000 ಕಳೆದರೆ 3,13,000. ಮೂರು ಲಕ್ಷದ ಮೇಲಿನ 13,000ಕ್ಕೆ ಶೇ. 5. ಸೆಸ್ ಸೇರಿ 676 ರೂಪಾಯಿ.

ತೆರಿಗೆಯ ಮೇಲೆ ಬಡ್ಡಿ ಬೇರೆ. ದುಬೈ ಕಂಪನಿ ಇಲ್ಲಿಯ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದಿಲ್ಲ. ವರ್ಷದ ತೆರಿಗೆ 10,000 ದಾಟುತ್ತದೆ ಎಂದಾದರೆ ಮುಂಗಡವಾಗಿ ನಾವೇ ಕಟ್ಟಬೇಕು. ಕಟ್ಟದಿದ್ದರೆ ತೆರಿಗೆ ಕಾಯ್ದೆಯ 234ಬಿ ಕಲಂ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1. ಆಗಸ್ಟಿನಲ್ಲಿ ಕಟ್ಟಿದ್ದರಿಂದ ಐದು ತಿಂಗಳು, 5,460 ರೂಪಾಯಿ. ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ 5,511. ಈ ಎರಡನೆಯದು ನನಗೆ ಯಾವತ್ತೂ ಸರಿ ಕಂಡಿಲ್ಲ. ಮೊದಲ ಕಂತು ಜೂನ್ 15ರದ್ದು. ಜೂನಿನಲ್ಲಿ ಇವರಿಗೆ ದುಬೈಯ ಆಫರೇ ಬಂದಿರಲಿಲ್ಲ. ಆದರೂ ಕಂಪ್ಯೂಟರ್ ಪೂರ್ತಿ ವರ್ಷದ ತೆರಿಗೆಯ ಶೇ. 15 ಆ ದಿನವೇ ಕಟ್ಟಬೇಕಿತ್ತು ಎಂದು ಬಡ್ಡಿ ಹಾಕುತ್ತದೆ. ಷೇರು ಮಾರಿ ಬಂದ ಲಾಭಕ್ಕೆ, ಡಿವಿಡೆಂಡಿಗೆ, ಲಾಟರಿಗೆ ಇಲ್ಲಿ ವಿನಾಯಿತಿ ಇದೆ. ನಡುವೆ ಬಂದ ಹೊರದೇಶದ ಸಂಬಳಕ್ಕೆ ಇಲ್ಲ. ಆ ವರ್ಷ ರಿಟರ್ನಿನ ಕೊನೆ ದಿನ ಜುಲೈ 31ರಿಂದ ಸೆಪ್ಟೆಂಬರಿಗೆ ಮುಂದೆ ಹೋಗಿತ್ತು. ಅದನ್ನು ನೋಡಿ ನಿಶ್ಚಿಂತೆಯಿಂದ ಕೂತವರು ಬಹಳ. ದಿನ ಮುಂದೆ ಹೋದರೂ 234ಬಿ ಬಡ್ಡಿ ನಿಲ್ಲುವುದಿಲ್ಲ.

ಎಲ್ಲ ಸೇರಿ 1,20,170 ರೂಪಾಯಿ. ಮನೆಯ ತಾರಸಿಗೆ ಸ್ಲ್ಯಾಬ್ ಹಾಕಿಸಲು ಇಟ್ಟಿದ್ದ ದುಡ್ಡು ಅದು.

"ಎನ್‌ಆರ್‌ಐ ಅಂತ ಟಿಕ್ ಹಾಕಿದ್ರೆ?"

ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: "ಸರ್, ನಾನಿಲ್ಲಿ ಬಿಸಿಲಲ್ಲಿ ನಿಂತು ದುಡಿದದ್ದು. ಇಲ್ಲಿಯ ಸರ್ಕಾರವೇ ಕೇಳಲ್ಲ. ಅಲ್ಲಿ ಯಾಕೆ ಕಟ್ಟಬೇಕು?"

ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟೇ. ಅಲ್ಲಿಯವರು ಕೇಳುವುದಿಲ್ಲ ಎನ್ನುವುದೇ ಇಲ್ಲಿ ತೊಂದರೆ. ನೀವು ಜರ್ಮನಿಗೆ ಹೋಗಿದ್ದರೂ ದಿನದ ಲೆಕ್ಕ ಇದೇ. ಆದರೆ ಅಲ್ಲಿ ಕಟ್ಟಿದ ತೆರಿಗೆಯನ್ನು ಫಾರ್ಮ್ 67 ತುಂಬಿ ಇಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು, ಕೈಯಿಂದ ಕಟ್ಟಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ದುಬೈಯಲ್ಲಿ ಕಟ್ಟಿದ್ದು ಸೊನ್ನೆ, ಹಾಗಾಗಿ ಕಳೆಯಲೂ ಸೊನ್ನೆ. ಗಲ್ಫ್ ಅಂದರೆ ಯಾವತ್ತೂ ಹೀಗೇ ಎಂದೂ ಇಲ್ಲ. ಒಮಾನಿನಲ್ಲಿ 2028ರ ಜನವರಿಯಿಂದ ವರ್ಷಕ್ಕೆ 42,000 ರಿಯಾಲ್ ದಾಟಿದ ಆದಾಯಕ್ಕೆ ಶೇ. 5 ತೆರಿಗೆ ಬರುತ್ತದೆ. ಅಷ್ಟು ಸಂಬಳದವರು ನಮ್ಮ ಕಡೆಯಿಂದ ಕಡಿಮೆ ಬಿಡಿ.

ಮುಂದಿನ ಪ್ರಶ್ನೆ ಅವರ ಹೆಂಡತಿಯಿಂದ ಬಂತು. "ಎನ್‌ಆರ್‌ಐ ಅಂತ ಟಿಕ್ ಹಾಕಿದ್ರೆ ಯಾರಿಗೆ ಗೊತ್ತಾಗತ್ತೆ ಸರ್?"

"ತಂಗಿ, ಟಿಕ್ ಹಾಕಿದ ಕೂಡಲೇ ಕೆಳಗೆ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಎಂದು ಕೇಳುತ್ತದೆ. ಅಲ್ಲಿ ಏನು ಬರೆಯೋಣ?" ಎಂದೆ.

ಅಷ್ಟೇ ಅಲ್ಲ. ದುಬೈಯಲ್ಲಿ ಸಂಬಳದ ಖಾತೆ ತೆರೆಯುವಾಗ ಬ್ಯಾಂಕು ಒಂದು ಸ್ವಘೋಷಣೆಯ ಹಾಳೆ ತುಂಬಿಸಿಕೊಂಡಿರುತ್ತದೆ. ತೆರಿಗೆಗೆ ನೀವು ಯಾವ ದೇಶದ ನಿವಾಸಿ, ಅಲ್ಲಿಯ ತೆರಿಗೆ ನಂಬರ್ ಯಾವುದು ಎಂದು. ಇವರಿಗೆ ನೆನಪಿರಲಿಲ್ಲ. ಹುಡುಕಿ ಕಳಿಸಿದರು. ಎಚ್‌ಆರ್‌ನವರು ಕೂರಿಸಿ ತುಂಬಿಸಿದ್ದು. ದೇಶದ ಜಾಗದಲ್ಲಿ ಭಾರತ, ನಂಬರಿನ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಇವರದೇ ಪ್ಯಾನ್, ಕೆಳಗೆ ಸಹಿ. ಯುಎಇ 2018ರಿಂದ ಇಂಥ ಖಾತೆಗಳ ವಿವರವನ್ನು ಬೇರೆ ದೇಶಗಳ ಜೊತೆ ಹಂಚಿಕೊಳ್ಳುತ್ತಿದೆ, ಭಾರತವೂ ಆ ವ್ಯವಸ್ಥೆಯಲ್ಲಿದೆ. ಸುಳ್ಳು ವಿವರ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು. ಆ ಹಾಳೆ ನೋಡಿದ ಮೇಲೆ ಗಂಡ ಹೆಂಡತಿ ಇಬ್ಬರೂ ಟಿಕ್‌ನ ಮಾತು ಎತ್ತಲಿಲ್ಲ.

ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದದಲ್ಲಿ ಬಾಗಿಲು ಇದೆಯೋ ಎಂದು ನಾನೂ ತಟ್ಟಿ ನೋಡಿದೆ. ಒಪ್ಪಂದದ ಪ್ರಕಾರ ಯುಎಇ ನಿವಾಸಿ ಎನಿಸಿಕೊಳ್ಳಲು ಆ ಕ್ಯಾಲೆಂಡರ್ ವರ್ಷದಲ್ಲಿ ಅಲ್ಲಿ ಕನಿಷ್ಠ 183 ದಿನ ಇರಬೇಕು. ಹೋದ ದಿನವನ್ನು ಹಿಡಿದರೂ 2024ರಲ್ಲಿ ಇವರು ಅಲ್ಲಿದ್ದದ್ದು 79 ದಿನ. ಆ ಮೂರು ತಿಂಗಳಿಗೆ ಬಾಗಿಲು ಮುಚ್ಚಿತು. 2025ರ ಜನವರಿಯಿಂದ ಮಾರ್ಚ್‌ವರೆಗಿನ ಸಂಬಳಕ್ಕೆ ಒಂದು ವಾದ ಉಳಿಯುತ್ತದೆ, ಯಾಕೆಂದರೆ ಆ ಕ್ಯಾಲೆಂಡರ್ ವರ್ಷ ಅಲ್ಲಿ 183 ದಿನ ಆಗಿಯೇ ಆಗುತ್ತದೆ. ಆದರೆ ಆಗ ಎರಡೂ ದೇಶದ ನಿವಾಸಿ ಎಂದಾಗಿ, ಕಾಯಂ ಮನೆ ಎಲ್ಲಿ, ಸಂಸಾರ ಮತ್ತು ವ್ಯವಹಾರ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಇವರು ಅಲ್ಲಿರುವುದು ನಾಲ್ವರ ಜೊತೆ ಹಂಚಿಕೊಂಡ ಕೋಣೆಯಲ್ಲಿ. ಹೆಂಡತಿ, ಮಗು, ಆಯಿ, ಅರ್ಧ ಎದ್ದ ಗೋಡೆ ಎಲ್ಲ ಸದಾಶಿವಗಡದಲ್ಲಿ. ಇಷ್ಟು ಇಟ್ಟುಕೊಂಡು ನನ್ನ ಸಂಸಾರ ದುಬೈಯಲ್ಲಿದೆ ಎಂದು ವಾದಿಸಲು ನನಗೆ ಧೈರ್ಯ ಬರಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದವರ ಪ್ರಕರಣವಾಗಿದ್ದರೆ ಬೇರೆ ಯೋಚಿಸುತ್ತಿದ್ದೆ.

ರಿಟರ್ನ್ ತುಂಬಿದ್ದು

ಐಟಿಆರ್-1 ನಡೆಯುವುದಿಲ್ಲ. ಹೊರದೇಶದ ಆದಾಯ ಅಥವಾ ಖಾತೆ ಇದ್ದ ನಿವಾಸಿಗೆ ಅದು ಮುಚ್ಚಿದ ಬಾಗಿಲು. ಐಟಿಆರ್-2 ತೆಗೆದುಕೊಂಡೆವು. ದುಬೈ ಸಂಬಳವನ್ನು ಸಂಬಳದ ಪಟ್ಟಿಯಲ್ಲೂ ಹೊರದೇಶದ ಆದಾಯದ ಪಟ್ಟಿಯಲ್ಲೂ ತೋರಿಸಬೇಕು. ಅಲ್ಲಿಯ ತೆರಿಗೆ ನಂಬರ್ ಇಲ್ಲದವರು ಪಾಸ್‌ಪೋರ್ಟ್ ನಂಬರ್ ಹಾಕಬಹುದು.

ಜಾಸ್ತಿ ಹೊತ್ತು ಹಿಡಿದದ್ದು ಹೊರದೇಶದ ಆಸ್ತಿಯ ಪಟ್ಟಿ. ದುಬೈಯ ಸಂಬಳದ ಖಾತೆಯೂ ಆಸ್ತಿಯೇ. ಇಲ್ಲಿ ವರ್ಷ ಏಪ್ರಿಲ್‌ನಿಂದ ಅಲ್ಲ, ಜನವರಿಯಿಂದ ಡಿಸೆಂಬರ್. ಖಾತೆ ತೆರೆದ ದಿನ, 2024ರಲ್ಲಿ ಅತಿ ಹೆಚ್ಚು ಇದ್ದ ಮೊತ್ತ, ಡಿಸೆಂಬರ್ 31ಕ್ಕೆ ಉಳಿದದ್ದು, ಬಡ್ಡಿ, ಎಲ್ಲ ಬೇಕು. ಇವರ ಖಾತೆ ನವೆಂಬರಿನಲ್ಲಿ ತೆರೆದದ್ದು, ಹಣ ಬಂದ ಕೂಡಲೇ ಊರಿಗೆ ಕಳಿಸುತ್ತಿದ್ದರು. ಹಾಗಾಗಿ ಮೊತ್ತ ಸಣ್ಣದು. ಈ ಪಟ್ಟಿ ತುಂಬದೆ ಬಿಟ್ಟರೆ ಕಪ್ಪು ಹಣದ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡದ ಕಲಂ ಇದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದೊಳಗಿನ ಆಸ್ತಿಗೆ ಆ ದಂಡ ಬೀಳುವುದಿಲ್ಲ. ದಂಡ ಇಲ್ಲ ಎಂದ ಮಾತ್ರಕ್ಕೆ ತುಂಬುವುದು ಬೇಡ ಎಂದಲ್ಲ.

ಚಲನ್ ಆನ್‌ಲೈನಿನಲ್ಲಿ ಕಟ್ಟಿದೆವು. ಕೊನೆಗೆ ಇ-ವೆರಿಫಿಕೇಷನ್. ಇದರಲ್ಲಿ ಗಲ್ಫಿನವರು ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಆಧಾರ್ ಒಟಿಪಿ ಬರುವುದು ಇಲ್ಲಿಯ ಸಿಮ್‌ಗೆ. ರೀಚಾರ್ಜ್ ಮಾಡದೆ ಆ ನಂಬರು ಸತ್ತಿರುತ್ತದೆ. ಇವರ ಸಿಮ್ ಹೆಂಡತಿಯ ಫೋನಿನ ಎರಡನೇ ಜಾಗದಲ್ಲಿತ್ತು, ಪುಣ್ಯ. ಇಲ್ಲದಿದ್ದರೆ ಸಹಿ ಮಾಡಿದ ಐಟಿಆರ್-ವಿ ಹಾಳೆ ಬೆಂಗಳೂರಿನ ಸಿಪಿಸಿಗೆ (ರಿಟರ್ನ್ ಪರಿಶೀಲಿಸುವ ಕೇಂದ್ರ) 30 ದಿನದೊಳಗೆ ಮುಟ್ಟಬೇಕಿತ್ತು.

ರಿಟರ್ನ್ ಪ್ರಾಸೆಸ್ ಆಗಿ ಬಂತು. ಬಾಕಿಯೂ ಇಲ್ಲ, ರಿಫಂಡೂ ಇಲ್ಲ. ಸಾಲದ ಬ್ಯಾಂಕಿನವರು 14 ಲಕ್ಷದ ಆದಾಯ ತೋರಿಸಿದ ಐಟಿಆರ್ ನೋಡಿ ಮೊದಲು ಹೇಳಿದ್ದಕ್ಕಿಂತ ಜಾಸ್ತಿ ಸಾಲಕ್ಕೆ ಒಪ್ಪಿದರು. ಅದಕ್ಕೆ ಖುಷಿಪಡಬೇಕೋ ಬೇಡವೋ ಎಂದು ಹೆಂಡತಿಗೆ ಇನ್ನೂ ಅನುಮಾನ.

ಎರಡನೇ ವರ್ಷ

2025-26ರಲ್ಲಿ ಇವರು ಸಲೀಸಾಗಿ ಅನಿವಾಸಿ. ಚೌತಿಗೆ ಒಂದು ತಿಂಗಳು ಬಂದು ಹೋದರು. ರಜೆಗೆ ಬರುವವರಿಗೆ 181 ದಿನದವರೆಗೆ ತೊಂದರೆ ಇಲ್ಲ. ಭಾರತದ ಆದಾಯವೇ 15 ಲಕ್ಷ ದಾಟುವವರಿಗೆ ಮಾತ್ರ ಆ ಮಿತಿ 120 ದಿನಕ್ಕೆ ಇಳಿಯುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದರೂ 182ರ ಲೆಕ್ಕ ಹಾಗೇ ಉಳಿದಿದೆ.

ದಿನದ ಲೆಕ್ಕ ಮುಗಿದರೂ ಬ್ಯಾಂಕಿನ ಕೆಲಸ ಬಾಕಿ ಇದೆ. ಹಳೆ ಉಳಿತಾಯ ಖಾತೆಯನ್ನು ದೇಶ ಬಿಟ್ಟಾಗಲೇ ಎನ್‌ಆರ್‌ಒ (ಅನಿವಾಸಿಗಳ ಇಲ್ಲಿಯ ಆದಾಯದ ಖಾತೆ) ಮಾಡಿಸಬೇಕಿತ್ತು. ಎಫ್‌ಡಿ ಕೂಡ. ಇವರು ತಡೆದದ್ದಕ್ಕೆ ಕಾರಣ ಇದೆ. ಎನ್‌ಆರ್‌ಒ ಆದ ಕೂಡಲೇ ಬಡ್ಡಿಗೆ ಶೇ. 31.2 ಟಿಡಿಎಸ್ ಹಿಡಿಯುತ್ತಾರೆ. 28,000 ಬಡ್ಡಿಗೆ 8,736 ಹೋಗುತ್ತದೆ. ಟಿಡಿಎಸ್ ಹಿಡಿಯಬೇಡಿ ಎಂಬ ಘೋಷಣೆಯ ಫಾರ್ಮ್ ಕೊಟ್ಟು ನಿಲ್ಲಿಸಲು ಆಗುವುದಿಲ್ಲ, ಅದು ನಿವಾಸಿಗಳಿಗೆ ಮಾತ್ರ. ಆದರೆ ಅವರಿಗೆ ಇಲ್ಲಿ ಬೇರೆ ಆದಾಯ ಇಲ್ಲದ ವರ್ಷ ರಿಟರ್ನ್ ತುಂಬಿದರೆ ಅಷ್ಟೂ ವಾಪಸ್ ಬರುತ್ತದೆ. ಎಫ್‌ಡಿ ಅವಧಿ ಮುಗಿದ ಮೇಲೆ ಹೊಸ ಹಣವನ್ನು ದುಬೈಯಿಂದ ನೇರ ಎನ್‌ಆರ್‌ಇ ಠೇವಣಿಗೇ ಹಾಕಿ ಎಂದಿದ್ದೇನೆ. ಅದರ ಬಡ್ಡಿಗೆ ತೆರಿಗೆಯೂ ಇಲ್ಲ, ಟಿಡಿಎಸ್ಸೂ ಇಲ್ಲ.

ಕಳೆದ ವಾರ ಹೆಂಡತಿ ಫೋನ್ ಮಾಡಿದ್ದರು. ಎನ್‌ಆರ್‌ಒ ಫಾರ್ಮಿಗೆ ಗಂಡನ ಸಹಿ ಬೇಕು, ದುಬೈಯಿಂದ ಕೊರಿಯರ್ ಮಾಡಿಸಬೇಕೋ ಅಥವಾ ಮುಂದಿನ ಚೌತಿಗೆ ಬಂದಾಗ ಆಗುತ್ತದೋ ಎಂದು. ಕೊರಿಯರ್ ಮಾಡಿಸಿ ಎಂದೆ.